ಎಂಟು ಮಠ, ಒಬ್ಬ ಕೃಷ್ಣ: ಉಡುಪಿಯಲ್ಲಿ ಪೂಜೆಯ ಸರದಿ ನಡೆಯುವ ಬಗೆ

ಉಡುಪಿಯ ಕೃಷ್ಣ ಮಠದ ಹೊಣೆ ಯಾರದು ಎಂಬ ಪ್ರಶ್ನೆಗೆ ಉತ್ತರ ಎರಡು ವರ್ಷಕ್ಕೊಮ್ಮೆ ಬದಲಾಗುತ್ತದೆ. 2022ರಿಂದ 2024ರವರೆಗೆ ಕೃಷ್ಣಾಪುರ ಮಠ, ಆಮೇಲೆ ಪುತ್ತಿಗೆ, 2026ರ ಜನವರಿ 18ರಿಂದ ಶೀರೂರು. ಹೊರಗಿನಿಂದ ಬಂದವರಿಗೆ ಇದು ಗೊಂದಲ. ದೇವಸ್ಥಾನ ಅನ್ನಬೇಕೋ ಮಠ ಅನ್ನಬೇಕೋ, ಎಂಟು ಮಠಗಳಲ್ಲಿ ದೊಡ್ಡದು ಯಾವುದು, ಹುಂಡಿಯ ಹಣ ಯಾರಿಗೆ, ಸರಕಾರದ ಪಾತ್ರ ಏನು ಎಂದೆಲ್ಲ ಕೇಳುತ್ತಾರೆ. ಈ ಪ್ರಶ್ನೆಗಳೆಲ್ಲ ಪರ್ಯಾಯ, ಅಂದರೆ ಎಂಟು ಮಠಗಳು ಸರದಿಯಂತೆ ಕೃಷ್ಣನ ಪೂಜೆ ನಡೆಸುವ ಒಂದೇ ಏರ್ಪಾಟಿಗೆ ಬಂದು ನಿಲ್ಲುತ್ತವೆ. ಅದು ಅರ್ಥವಾಗಬೇಕಾದರೆ ಪ್ರತಿಷ್ಠೆಯ ಕಾಲದಿಂದಲೇ ಹೊರಡಬೇಕು.

ಕೃಷ್ಣ ಬರುವ ಮೊದಲೇ ಉಡುಪಿಯಲ್ಲಿ ಎರಡು ಗುಡಿಗಳಿದ್ದವು: ಚಂದ್ರಮೌಳೀಶ್ವರ ಮತ್ತು ಅನಂತೇಶ್ವರ. ಇವತ್ತಿಗೂ ಸಂಪ್ರದಾಯ ಬಲ್ಲವರು ಮೊದಲು ಚಂದ್ರಮೌಳೀಶ್ವರ, ಆಮೇಲೆ ಅನಂತೇಶ್ವರ, ಕೊನೆಗೆ ಕೃಷ್ಣ ಎಂಬ ಕ್ರಮದಲ್ಲೇ ದರ್ಶನ ಮಾಡುತ್ತಾರೆ. ಹತ್ತಿರದ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು (1238–1317) ಪಾಠ ಹೇಳುತ್ತಿದ್ದದ್ದು ಅನಂತೇಶ್ವರದಲ್ಲಿ. ಪರಂಪರೆಯ ಪ್ರಕಾರ ದ್ವಾರಕೆಯ ಕಡೆಯಿಂದ ಬರುತ್ತಿದ್ದ ಹಡಗೊಂದು ಮಲ್ಪೆಯ ಬಳಿ ಬಿರುಗಾಳಿಗೆ ಸಿಕ್ಕಿತು. ದಡದಲ್ಲಿದ್ದ ಆಚಾರ್ಯರು ಬಟ್ಟೆ ಬೀಸಿ ಅದನ್ನು ದಡಕ್ಕೆ ಸೇರಿಸಿದರು. ನಾವಿಕ ಏನಾದರೂ ಸ್ವೀಕರಿಸಬೇಕೆಂದು ಕೇಳಿಕೊಂಡಾಗ, ಹಡಗಿನಲ್ಲಿ ಭಾರಕ್ಕೆಂದು ಹಾಕಿದ್ದ ಗೋಪೀಚಂದನದ ಗಡ್ಡೆಗಳನ್ನು ಆಯ್ದುಕೊಂಡರು. ಒಂದರೊಳಗೆ ಬಲರಾಮ, ಇನ್ನೊಂದರೊಳಗೆ ಕೃಷ್ಣ. ಬಲರಾಮ ಮಲ್ಪೆಯ ವಡಭಾಂಡೇಶ್ವರದಲ್ಲೇ ನೆಲೆಸಿದ. ಒಂದು ಕೈಯಲ್ಲಿ ಕಡೆಗೋಲು, ಇನ್ನೊಂದರಲ್ಲಿ ಹಗ್ಗ ಹಿಡಿದ ಬಾಲಕೃಷ್ಣ ಉಡುಪಿಗೆ ಬಂದ. ಪ್ರತಿಷ್ಠೆ ನಡೆದದ್ದು ಮಕರ ಸಂಕ್ರಾಂತಿಯಂದು ಎಂಬ ನಂಬಿಕೆ. ಜನವರಿಯ ಸಪ್ತೋತ್ಸವಕ್ಕೂ ಪರ್ಯಾಯದ ಕಾಲಕ್ಕೂ ಇದೇ ಹಿನ್ನೆಲೆ.

ಪ್ರತಿಷ್ಠೆಯ ಜೊತೆಗೇ ಒಂದು ನಿಯಮ ಬಂತು. ಅದು ಇಲ್ಲದಿದ್ದರೆ ಮುಂದಿನ ಯಾವುದೂ ಇರುತ್ತಿರಲಿಲ್ಲ. ಈ ಕೃಷ್ಣನನ್ನು ಮುಟ್ಟಿ ಪೂಜಿಸುವ ಅಧಿಕಾರ ಸನ್ಯಾಸಿಗೆ ಮಾತ್ರ. ನಮ್ಮ ಬಹುತೇಕ ಊರುಗಳಲ್ಲಿ ಅರ್ಚಕತನ ಮನೆತನಕ್ಕೆ ಸೇರಿದ್ದು. ತಂದೆಯ ನಂತರ ಮಗ, ಇಲ್ಲವಾದರೆ ದಾಯಾದಿ. ಉಡುಪಿಯಲ್ಲಿ ಆ ದಾರಿ ಮೊದಲ ದಿನವೇ ಮುಚ್ಚಿತು. ಯತಿಗೆ ಮಕ್ಕಳಿಲ್ಲ, ಆಸ್ತಿ ಹಂಚಿಕೆಯೂ ಇಲ್ಲ. ಪ್ರತಿ ತಲೆಮಾರಿನಲ್ಲೂ ಒಬ್ಬ ಶಿಷ್ಯನನ್ನು ಹುಡುಕಿ, ದೀಕ್ಷೆ ಕೊಟ್ಟು, ಪಾಠ ಹೇಳಿ ತಯಾರು ಮಾಡಬೇಕು. ಇದರಿಂದ ದೇವಸ್ಥಾನ ಒಂದು ಕುಟುಂಬದ ಕೈಗೆ ಹೋಗಲಿಲ್ಲ. ಆದರೆ ಶಿಷ್ಯಸ್ವೀಕಾರ ತಪ್ಪಿದರೆ ಪರಂಪರೆಯೇ ಕಡಿದುಹೋಗುವ ಅಪಾಯವೂ ಅಲ್ಲಿಂದಲೇ ಹುಟ್ಟಿತು.

ಆಚಾರ್ಯರು ಪೂಜೆಗೆ ನೇಮಿಸಿದ ಎಂಟು ಶಿಷ್ಯರಿಂದ ಎಂಟು ಮಠಗಳು ಬಂದವು. ಹೃಷೀಕೇಶ ತೀರ್ಥರಿಂದ ಪಲಿಮಾರು, ನರಸಿಂಹ ತೀರ್ಥರಿಂದ ಅದಮಾರು, ಜನಾರ್ದನ ತೀರ್ಥರಿಂದ ಕೃಷ್ಣಾಪುರ, ಉಪೇಂದ್ರ ತೀರ್ಥರಿಂದ ಪುತ್ತಿಗೆ, ವಾಮನ ತೀರ್ಥರಿಂದ ಶೀರೂರು, ವಿಷ್ಣು ತೀರ್ಥರಿಂದ ಸೋದೆ, ರಾಮ ತೀರ್ಥರಿಂದ ಕಾಣಿಯೂರು, ಅಧೋಕ್ಷಜ ತೀರ್ಥರಿಂದ ಪೇಜಾವರ. ಹೆಸರುಗಳೆಲ್ಲ ಊರಿನವು, ಮೂಲಮಠ ಆಯಾ ಊರಿನಲ್ಲಿ, ಉಡುಪಿಯ ರಥಬೀದಿಯಲ್ಲಿ ಇನ್ನೊಂದು ಮಠ. ಪ್ರತಿ ಮಠಕ್ಕೂ ಅದರದೇ ಪಟ್ಟದ ದೇವರು: ಪಲಿಮಾರಿಗೆ ರಾಮ, ಸೋದೆಗೆ ಭೂವರಾಹ, ಕಾಣಿಯೂರಿಗೆ ನರಸಿಂಹ. ಆಸ್ತಿ, ಲೆಕ್ಕ, ಶಿಷ್ಯವರ್ಗ ಎಲ್ಲವೂ ಬೇರೆ ಬೇರೆ. ಎಂಟೂ ಸಮಾನ. ಕೃಷ್ಣ ಮಾತ್ರ ಎಲ್ಲರಿಗೂ ಸೇರಿದವನು.

ಈ ಎಂಟು ಮಠಗಳು ನಾಲ್ಕು ಜೋಡಿಗಳೂ ಹೌದು. ಪಲಿಮಾರು–ಅದಮಾರು, ಕೃಷ್ಣಾಪುರ–ಪುತ್ತಿಗೆ, ಶೀರೂರು–ಸೋದೆ, ಕಾಣಿಯೂರು–ಪೇಜಾವರ. ಇವಕ್ಕೆ ದ್ವಂದ್ವ ಮಠ ಎನ್ನುತ್ತಾರೆ. ಒಂದು ಮಠದ ಪೀಠ ಬರಿದಾದರೆ ಅದನ್ನು ನೋಡಿಕೊಂಡು, ಯೋಗ್ಯ ವಟುವಿಗೆ ದೀಕ್ಷೆ ಕೊಟ್ಟು ಕೂರಿಸುವ ಹೊಣೆ ಜೋಡಿ ಮಠದ್ದು. ಪರ್ಯಾಯದ ಮೆರವಣಿಗೆಯಷ್ಟು ಇದು ಕಣ್ಣಿಗೆ ಬೀಳುವುದಿಲ್ಲ. ಆದರೆ ಈ ವ್ಯವಸ್ಥೆಯನ್ನು ಉಳಿಸಿದ್ದು ಇದೇ ಎಂಬುದು ನಮ್ಮ ಅಭಿಪ್ರಾಯ.

ಎರಡು ತಿಂಗಳಿಂದ ಎರಡು ವರ್ಷಕ್ಕೆ

ಮೊದಲು ಒಬ್ಬೊಬ್ಬ ಯತಿಯ ಸರದಿ ಎರಡು ತಿಂಗಳಿತ್ತು. ಎಂಟು ಮಂದಿಗೆ ಹದಿನಾರು ತಿಂಗಳು, ಮತ್ತೆ ಮೊದಲಿನವರ ಸರದಿ. ಕಾಶಿ, ಬದರಿಗೆ ಕಾಲ್ನಡಿಗೆಯಲ್ಲಿ ಹೋಗಿ ಬರಬೇಕಾದ ಕಾಲದಲ್ಲಿ ಹದಿನಾಲ್ಕು ತಿಂಗಳ ಬಿಡುವು ಯಾವುದಕ್ಕೂ ಸಾಲದು. ಇನ್ನು ಎರಡೇ ತಿಂಗಳ ಅಧಿಕಾರದಲ್ಲಿ ಉಗ್ರಾಣ ತುಂಬಿಸಿ, ಜನರನ್ನು ಕೂಡಿಸಿ, ಲೆಕ್ಕ ಸರಿಮಾಡುವಷ್ಟರಲ್ಲಿ ಬಿಟ್ಟುಕೊಡುವ ದಿನ ಬಂದಿರುತ್ತದೆ. ಸೋದೆ ಮಠದ ವಾದಿರಾಜ ತೀರ್ಥರು ಇದನ್ನು ಎರಡು ವರ್ಷಕ್ಕೆ ಬದಲಿಸಿದರು. ಎರಡು ವರ್ಷ ಪೂಜೆ, ಹದಿನಾಲ್ಕು ವರ್ಷ ಪಾಠ, ಪ್ರವಚನ, ತೀರ್ಥಯಾತ್ರೆ, ಮೂಲಮಠದ ಕೆಲಸ. ಈ ಕ್ರಮದ ಮೊದಲ ಪರ್ಯಾಯ 1522ರಲ್ಲಿ ಪಲಿಮಾರು ಮಠದ್ದು.

ಅಲ್ಲಿಂದ ಸರದಿ ಮುರಿದಿಲ್ಲವಾದ್ದರಿಂದ ಯಾವ ವರ್ಷ ಯಾರದ್ದು ಎಂದು ಮನೆಯಲ್ಲೇ ಲೆಕ್ಕ ಹಾಕಬಹುದು. ಪರ್ಯಾಯ ಶುರುವಾದ ವರ್ಷದಿಂದ 1522 ಕಳೆದು 16ರಿಂದ ಭಾಗಿಸಿ. ಶೇಷ 0 ಬಂದರೆ ಪಲಿಮಾರು, 2 ಅದಮಾರು, 4 ಕೃಷ್ಣಾಪುರ, 6 ಪುತ್ತಿಗೆ, 8 ಶೀರೂರು, 10 ಸೋದೆ, 12 ಕಾಣಿಯೂರು, 14 ಪೇಜಾವರ. 2026ಕ್ಕೆ ನೋಡಿ: 504ರಲ್ಲಿ 16 ಮೂವತ್ತೊಂದು ಸಲ ಹೋಗಿ 8 ಉಳಿಯುತ್ತದೆ, ಅಂದರೆ ಶೀರೂರು. ಮೂವತ್ತೊಂದು ಸುತ್ತು ಮುಗಿದು ಮೂವತ್ತೆರಡನೆಯದು ನಡೆಯುತ್ತಿದೆ, ಇದು 253ನೇ ದ್ವೈವಾರ್ಷಿಕ ಪರ್ಯಾಯ ಎಂಬುದೂ ಅದರಲ್ಲೇ ಸಿಗುತ್ತದೆ.

ಹದಿನಾರು ವರ್ಷದ ಸುತ್ತು ಎಂದರೆ ಒಬ್ಬ ಸ್ವಾಮಿಗಳ ಬದುಕಿನಲ್ಲಿ ಎರಡು ಮೂರು ಅವಕಾಶ. ಪೇಜಾವರ ಮಠದ ವಿಶ್ವೇಶ ತೀರ್ಥರು 1952ರಲ್ಲಿ ಇಪ್ಪತ್ತರ ಹರೆಯದಲ್ಲಿ ಮೊದಲ ಪರ್ಯಾಯ ಮಾಡಿ, 1968, 1984, 2000, 2016ರಲ್ಲೂ ಪೀಠವೇರಿದರು. ಐದು ಪರ್ಯಾಯ ಬಹಳ ಅಪರೂಪ. ಹಿರಿಯರು ತಮ್ಮ ಸರದಿಯನ್ನು ಕಿರಿಯ ಪಟ್ಟಕ್ಕೆ ಬಿಟ್ಟುಕೊಡುವುದೂ ಉಂಟು. 2020ರಲ್ಲಿ ಅದಮಾರು ಮಠದ ವಿಶ್ವಪ್ರಿಯ ತೀರ್ಥರ ಬದಲು ಶಿಷ್ಯರಾದ ಈಶಪ್ರಿಯ ತೀರ್ಥರು ಪೀಠದಲ್ಲಿ ಕೂತರು.

ತಯಾರಿ: ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ

ಪರ್ಯಾಯದ ತಯಾರಿ ಒಂದು ವರ್ಷಕ್ಕೂ ಮೊದಲೇ ಶುರು. ಅದಕ್ಕೆ ನಾಲ್ಕು ಮುಹೂರ್ತಗಳಿವೆ. ಇವು ಶಾಸ್ತ್ರದಂತೆ ಕಂಡರೂ ನಿಜವಾಗಿ ಅಡುಗೆಮನೆಯ ಲೆಕ್ಕಾಚಾರ. ‘ಅನ್ನಬ್ರಹ್ಮ’ನೆಂದು ಹೆಸರಾದ ಕೃಷ್ಣನ ಊರಲ್ಲಿ ಊಟವೇ ದೊಡ್ಡ ಜವಾಬ್ದಾರಿ.

ಮೊದಲನೆಯದು ಬಾಳೆ ಮುಹೂರ್ತ. ಬಾಳೆ ಸಸಿ, ಜೊತೆಗೆ ತುಳಸಿ, ಕಬ್ಬು ನೆಡುತ್ತಾರೆ. ನೆಟ್ಟ ಬಾಳೆ ಗೊನೆ ಬಿಡಲು ಹತ್ತು ಹನ್ನೆರಡು ತಿಂಗಳು ಬೇಕು. ವರ್ಷ ಮೊದಲೇ ನೆಟ್ಟರಷ್ಟೇ ಪರ್ಯಾಯದ ಹೊತ್ತಿಗೆ ಊಟಕ್ಕೆ ಎಲೆ, ನೈವೇದ್ಯಕ್ಕೆ ಹಣ್ಣು. ಕೆಲವು ತಿಂಗಳ ನಂತರ ಅಕ್ಕಿ ಮುಹೂರ್ತ. ಬೈಹುಲ್ಲಿನಲ್ಲಿ ಬಿಗಿಯಾಗಿ ಕಟ್ಟಿದ ಅಕ್ಕಿ ಮುಡಿಯನ್ನು ಪಲ್ಲಕ್ಕಿಯಲ್ಲಿಟ್ಟು ಮೆರವಣಿಗೆಯಲ್ಲಿ ತಂದು ಸಂಗ್ರಹಕ್ಕೆ ಚಾಲನೆ ಕೊಡುತ್ತಾರೆ. ಕರಾವಳಿಯ ಹಳೆಯ ಅಳತೆಯಲ್ಲಿ ಒಂದು ಮುಡಿ ಎಂದರೆ ಮೂರು ಕಳಸೆ, 42 ಸೇರು. ಮೂರನೆಯದು ಕಟ್ಟಿಗೆ ಮುಹೂರ್ತ. ಎರಡು ವರ್ಷ ಒಲೆ ಉರಿಸಲು ಬೇಕಾದ ಸೌದೆಯನ್ನು ಮಧ್ವ ಸರೋವರದ ಬಳಿ ಸುಮ್ಮನೆ ರಾಶಿ ಹಾಕದೆ ತೇರಿನ ಆಕಾರದಲ್ಲಿ ಪೇರಿಸುತ್ತಾರೆ. ಬುಡ ಅಗಲ, ಮೇಲೆ ಹೋದಂತೆ ಉಬ್ಬಿ ಮತ್ತೆ ಕಿರಿದಾಗುವ ಆಕಾರ. ಕೊರಡಿನ ಮೇಲೆ ಕೊರಡು ಕೂರಿಸುವ ಕೆಲಸ ನುರಿತ ಕೈಗಳಿಗೇ ಆಗುವಂಥದ್ದು. ಸರೋವರದ ಕಡೆ ಹೋದವರು ಈ ಕಟ್ಟಿಗೆ ರಥವನ್ನು ನೋಡದೆ ಬರಬಾರದು. ಕೊನೆಯದು ಭತ್ತ ಮುಹೂರ್ತ, ಡಿಸೆಂಬರಿನ ಹೊತ್ತಿಗೆ. ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆಯ ಕೊಯ್ಲು ಮುಗಿದು ಹೊಸ ಭತ್ತ ಕಣಜಕ್ಕೆ ಬಂದಿರುವ ಸಮಯವದು. ಕೃಷ್ಣ ಮಠದ ಬಡಗು ಮಾಳಿಗೆಯಲ್ಲಿ ಭತ್ತದ ಮುಡಿಗೆ ಪೂಜೆ. ಅದೇ ದಿನ ಕಟ್ಟಿಗೆ ರಥಕ್ಕೆ ಶಿಖರ ಇಡುತ್ತಾರೆ.

ಬಾಳೆ ಮುಹೂರ್ತ ಮುಗಿದ ಮೇಲೆ ಭಾವೀ ಪರ್ಯಾಯ ಸ್ವಾಮಿಗಳು ತೀರ್ಥಯಾತ್ರೆಗೆ ಹೊರಡುತ್ತಾರೆ. ಯಾತ್ರೆ ಮುಗಿಸಿ ಜನವರಿಯಲ್ಲಿ ಪುರಪ್ರವೇಶ. ಆಮೇಲೆ ಹೊರೆಕಾಣಿಕೆ ಶುರು: ಊರೂರಿನ ಜನ ಅಕ್ಕಿ, ತೆಂಗಿನಕಾಯಿ, ಬೆಲ್ಲ, ತರಕಾರಿ ಹೇರಿಕೊಂಡು ಮೆರವಣಿಗೆಯಲ್ಲಿ ಬರುತ್ತಾರೆ. ಒಂದೊಂದು ಕಡೆಯವರಿಗೆ ಒಂದೊಂದು ದಿನ ಗೊತ್ತು ಮಾಡುವುದಕ್ಕೆ ಕಾರಣವಿದೆ. ಅಕ್ಕಿ, ಕಾಯಿ ಉಳಿದಾವು. ಕುಂಬಳ, ಸುವರ್ಣಗೆಡ್ಡೆಯೂ ತಡೆದಾವು. ಉಳಿದ ಹಸಿ ತರಕಾರಿ ಒಂದೇ ದಿನ ಬಂದು ಬಿದ್ದರೆ ಕೊಳೆಯುವುದೇ ಸೈ. ಈ ಹೊರೆಯಲ್ಲಿ ಮಟ್ಟು ಗುಳ್ಳಕ್ಕೆ ವಿಶೇಷ ಸ್ಥಾನ. ಉಡುಪಿಗೆ ಹತ್ತಿರದ ಮಟ್ಟು ಗ್ರಾಮದ ಈ ಗುಂಡನೆಯ, ತೆಳು ಸಿಪ್ಪೆಯ ಹಸಿರು ಬದನೆಯ ಬೀಜವನ್ನು ವಾದಿರಾಜರೇ ಕೊಟ್ಟರೆಂದು ಅಲ್ಲಿನ ಬೆಳೆಗಾರರ ನಂಬಿಕೆ. ಪರ್ಯಾಯಕ್ಕೆ ಗುಳ್ಳ ಒಪ್ಪಿಸುವುದನ್ನು ಅವರು ತಪ್ಪಿಸುವುದಿಲ್ಲ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು.

ಜನವರಿ 18ರ ಬೆಳಗಿನ ಜಾವ

ಕತ್ತಲಿರುವಾಗಲೇ ಸ್ವಾಮಿಗಳು ಕಾಪುವಿನ ಬಳಿಯ ದಂಡತೀರ್ಥದಲ್ಲಿ ಸ್ನಾನ ಮಾಡುತ್ತಾರೆ. ಮಧ್ವಾಚಾರ್ಯರು ತಮ್ಮ ದಂಡದಿಂದ ಮಾಡಿದ ಕೆರೆ ಎಂಬ ಪ್ರತೀತಿ ಅದಕ್ಕಿದೆ. ಅಲ್ಲಿಂದ ಉಡುಪಿಯ ಜೋಡುಕಟ್ಟೆ. ಜೋಡುಕಟ್ಟೆಯಿಂದ ಮೆರವಣಿಗೆ ರಥಬೀದಿಗೆ ಬರುತ್ತದೆ. ಸ್ತಬ್ಧಚಿತ್ರ, ಚೆಂಡೆ, ಕೊಂಬು, ಬಿರುದಾವಳಿ ಎಲ್ಲ ಇದ್ದರೂ, ಅಧಿಕಾರ ಹಸ್ತಾಂತರವಾಗುವುದು ಆಮೇಲಿನ ಅರ್ಧ ಮುಕ್ಕಾಲು ಗಂಟೆಯಲ್ಲಿ. ಅದು ಹೊರಗೆ ನಿಂತವರಿಗೆ ಕಾಣುವುದಿಲ್ಲ.

ಸ್ವಾಮಿಗಳು ಮೊದಲು ಪಶ್ಚಿಮದ ಗೋಡೆಯ ಕನಕನ ಕಿಂಡಿಯಲ್ಲಿ ಕೃಷ್ಣನ ದರ್ಶನ ಮಾಡುತ್ತಾರೆ. ಆಮೇಲೆ ಚಂದ್ರಮೌಳೀಶ್ವರ, ಅನಂತೇಶ್ವರ. ಕೃಷ್ಣ ಮಠದ ಬಾಗಿಲಲ್ಲಿ ನಿರ್ಗಮನ ಪೀಠಾಧೀಶರು ಅವರನ್ನು ಎದುರುಗೊಂಡು ಒಳಗೆ ಕರೆದೊಯ್ಯುತ್ತಾರೆ. ಮಧ್ವಾಚಾರ್ಯರ ಸನ್ನಿಧಿಯಲ್ಲಿ ಮೂರು ವಸ್ತುಗಳು ಕೈ ಬದಲಾಯಿಸುತ್ತವೆ: ಅಕ್ಷಯ ಪಾತ್ರೆ, ಸಟ್ಟುಗ, ಗರ್ಭಗುಡಿಯ ಕೀಲಿಕೈ. ಬಂದವರಿಗೆ ಅನ್ನ ಹಾಕುವ ಭಾರ ಮೊದಲೆರಡರಲ್ಲಿ, ಪೂಜೆಯ ಅಧಿಕಾರ ಮೂರನೆಯದರಲ್ಲಿ. ಕೊನೆಗೆ ಹಳೆಯ ಸ್ವಾಮಿಗಳೇ ಹೊಸಬರನ್ನು ಕೈಹಿಡಿದು ಸರ್ವಜ್ಞ ಪೀಠದಲ್ಲಿ ಕೂರಿಸುತ್ತಾರೆ. ಆಮೇಲೆ ಬಡಗು ಮಾಳಿಗೆಯ ಅರಳು ಗದ್ದುಗೆಯಲ್ಲಿ ಅಷ್ಟಮಠದ ಯತಿಗಳಿಗೆ ಗಂಧೋಪಚಾರ, ರಾಜಾಂಗಣದಲ್ಲಿ ದರ್ಬಾರು. ಹೊತ್ತು ಏರುವಷ್ಟರಲ್ಲಿ ಹೊಸ ಸ್ವಾಮಿಗಳ ಮೊದಲ ಮಹಾಪೂಜೆ, ಹಿಂದೆಯೇ ಸಂತರ್ಪಣೆ.

ಮರುದಿನದಿಂದ ದಿನಕ್ಕೆ 14 ಪೂಜೆ. ಬೆಳಗಿನ ಜಾವದ ನಿರ್ಮಾಲ್ಯ ವಿಸರ್ಜನೆಯಿಂದ ಹಿಡಿದು ಉಷಃಕಾಲ, ಪಂಚಾಮೃತ, ಅಲಂಕಾರ, ಮಹಾಪೂಜೆ, ಚಾಮರ ಸೇವೆ, ರಾತ್ರಿ ಪೂಜೆ, ಶಯನೋತ್ಸವದವರೆಗೆ ಇದು ಹಬ್ಬ, ಜ್ವರ, ಮಳೆ ಯಾವುದಕ್ಕೂ ನಿಲ್ಲದು. ಪರ್ಯಾಯ ಸ್ವಾಮಿಗಳಿಗೆ ಅನಾನುಕೂಲವಾದರೆ ಅವರ ಕಿರಿಯ ಪಟ್ಟದವರೋ ಅಷ್ಟಮಠದ ಇನ್ನೊಬ್ಬ ಯತಿಯೋ ಮಾಡಬೇಕು, ಗೃಹಸ್ಥರು ಮಾಡುವಂತಿಲ್ಲ. ಹೊರಗಿನ ಆಡಳಿತ ಮಠದ ದಿವಾನರು, ಪಾರುಪತ್ಯಗಾರರ ಕೈಯಲ್ಲಿರುತ್ತದೆ. ಪರ್ಯಾಯ ಬದಲಾದಾಗ ಈ ತಂಡವೂ ಬದಲಾಗುವುದರಿಂದ, ಕೆಲವು ತಿಂಗಳ ಹಿಂದೆ ಮಾತಾಡಿದ್ದ ಸೇವೆಯ ವಿಷಯ ವಿಚಾರಿಸಲು ಬಂದವರು ಹಳೆಯ ಹೆಸರುಗಳನ್ನು ಹಿಡಿದು ಅಲೆಯುವುದುಂಟು. ಜನವರಿ ದಾಟಿ ಬರುವ ಸೇವೆಗಳಿಗೆ ಹೊಸ ಪರ್ಯಾಯ ಮಠದ ಕಚೇರಿಯಲ್ಲೇ ಮತ್ತೊಮ್ಮೆ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಎರಡು ವರ್ಷದ ಅವಧಿಗೆ ಒಂದು ಮಿತಿಯಿದೆ. ದೊಡ್ಡ ಕಟ್ಟಡ ಕೆಲಸಕ್ಕೆ ಅದು ಸಾಲದು. 2018–20ರ ಪಲಿಮಾರು ಪರ್ಯಾಯದಲ್ಲಿ ಗರ್ಭಗುಡಿಯ ಮಾಡಿಗೆ ಚಿನ್ನದ ಹೊದಿಕೆ ಹಾಕಿದಂಥ ಕೆಲಸಗಳು ಅವಧಿಯೊಳಗೆ ಮುಗಿದದ್ದು, ಪೀಠವೇರುವ ಮೊದಲೇ ಯೋಜನೆ ಸಿದ್ಧವಿದ್ದಾಗ ಮಾತ್ರ ಸಾಧ್ಯವಾಗುವಂಥದ್ದು.

ಸಾಲದಿಂದ ಸುಪ್ರೀಂ ಕೋರ್ಟಿಗೆ

ಪರ್ಯಾಯದ ಅವಧಿಯಲ್ಲಿ ಪೂಜೆ, ಉತ್ಸವ, ಅನ್ನದಾನದ ಖರ್ಚು ಸರದಿಯ ಮಠದ್ದೇ. ಕಾಣಿಕೆ ಬರುತ್ತದೆ, ಆದರೆ ತಯಾರಿಯ ಖರ್ಚು ಕಾಣಿಕೆಗಿಂತ ಮೊದಲೇ ಬರುತ್ತದೆ. ಸಣ್ಣ ಆದಾಯದ ಮಠಕ್ಕೆ ಇದು ಎಂಥ ಹೊರೆ ಎಂಬುದಕ್ಕೆ ಶೀರೂರು ಮಠದ ಕತೆಯೇ ಸಾಕ್ಷಿ, ಅದು ನ್ಯಾಯಾಲಯದ ದಾಖಲೆಯಲ್ಲೇ ಇದೆ.

1919ರಲ್ಲಿ ಲಕ್ಷ್ಮೀಂದ್ರ ತೀರ್ಥರು ಇನ್ನೂ ಅಪ್ರಾಪ್ತ ವಯಸ್ಸಿನಲ್ಲೇ ಶೀರೂರು ಪೀಠಕ್ಕೆ ಬಂದರು. ವಯಸ್ಸಿಗೆ ಬಂದು ಆಡಳಿತ ವಹಿಸಿಕೊಂಡಾಗ ಮಠದ ಮೇಲೆ ಸಾಲವಿತ್ತು. ಅದರಲ್ಲಿ ಬಹುಪಾಲು ತೀರಿಸುವಷ್ಟರಲ್ಲಿ 1930ರ ದಶಕದ ಆರಂಭದ ಪರ್ಯಾಯ ಬಂತು, ಮತ್ತೆ ಸಾಲ. ಅದರಿಂದ ಸುಧಾರಿಸಿಕೊಳ್ಳುತ್ತಿದ್ದಾಗ 1946ರ ಪರ್ಯಾಯ. ಎರಡನೇ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಸಾಮಾನು ಸಿಗುತ್ತಿರಲಿಲ್ಲ, ಸಿಕ್ಕರೂ ಬೆಲೆ ವಿಪರೀತ. ಸಾಲ ಲಕ್ಷ ರೂಪಾಯಿಯ ಹತ್ತಿರಕ್ಕೆ ಏರಿತು. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಲ್ಲಿನ ಹಿಂದೂ ಧಾರ್ಮಿಕ ದತ್ತಿ ಮಂಡಳಿ ಮಧ್ಯೆ ಬಂದು ಮಠದ ಆಡಳಿತಕ್ಕೆ ಯೋಜನೆಯೊಂದನ್ನು ಹೇರಲು ಹೊರಟಿತು. ಸ್ವಾಮಿಗಳು ಕೋರ್ಟಿಗೆ ಹೋದರು.

1954ರ ಮಾರ್ಚ್ 16ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪು ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ‘ಶಿರೂರು ಮಠ ಪ್ರಕರಣ’. ಒಂದು ಧರ್ಮದ ಅಗತ್ಯ ಆಚರಣೆ ಯಾವುದು ಎಂಬುದನ್ನು ಆ ಧರ್ಮದ ಸಿದ್ಧಾಂತವನ್ನೇ ನೋಡಿ ತೀರ್ಮಾನಿಸಬೇಕು ಎಂದು ಅದು ಹೇಳಿತು. ಆಸ್ತಿಯ ಆಡಳಿತವನ್ನು ಸರಕಾರ ಕಾನೂನಿನ ಮೂಲಕ ನಿಯಂತ್ರಿಸಬಹುದು, ಆದರೆ ಪೂಜೆ ಪುನಸ್ಕಾರದ ವಿಷಯದಲ್ಲಿ ಸಂವಿಧಾನದ 26ನೇ ವಿಧಿ ಮಠಕ್ಕೆ ಸ್ವಾತಂತ್ರ್ಯ ಕೊಡುತ್ತದೆ. ಮಠಾಧಿಪತಿ ಬರೀ ವ್ಯವಸ್ಥಾಪಕನಲ್ಲ, ಅವನ ಹಕ್ಕು ಅದಕ್ಕಿಂತ ಹೆಚ್ಚಿನದು. ಮದ್ರಾಸಿನ 1951ರ ಕಾಯ್ದೆಯ ಹಲವು ಕಲಮುಗಳು ಬಿದ್ದುಹೋದವು. ರಥಬೀದಿಯ ಒಂದು ಮಠದ ಅಕ್ಕಿ, ಬೇಳೆಯ ಸಾಲ ಇಡೀ ದೇಶದ ದೇವಸ್ಥಾನ, ಮಸೀದಿ, ಚರ್ಚುಗಳ ಹಕ್ಕಿನ ಪ್ರಶ್ನೆಗೆ ಅಳತೆಗೋಲಾಯಿತು. ಕರ್ನಾಟಕದ 1997ರ ಧಾರ್ಮಿಕ ದತ್ತಿ ಕಾಯ್ದೆಯೂ ಮಠಗಳನ್ನು, ಮಠಕ್ಕೆ ಸೇರಿದ ದೇವಸ್ಥಾನಗಳನ್ನು ಹೊರಗಿಟ್ಟಿತು. ಕೊಲ್ಲೂರಿನ ಮೂಕಾಂಬಿಕೆ ಮುಜರಾಯಿಗೆ ಸೇರಿದ್ದು, ಉಡುಪಿಯ ಕೃಷ್ಣ ಸೇರದ್ದು ಏಕೆ ಎಂದು ಕೇಳುವವರಿಗೆ ಉತ್ತರ ಇದು.

ಪೀಠ ಬರಿದಾದಾಗ

ಅದೇ ಶೀರೂರು ಮಠದಲ್ಲಿ ದ್ವಂದ್ವ ಪದ್ಧತಿಯೂ ಈಚೆಗೆ ಪರೀಕ್ಷೆಗೆ ಬಂತು. 2018ರ ಜುಲೈ 19ರಂದು ಲಕ್ಷ್ಮೀವರ ತೀರ್ಥರು ತೀರಿಕೊಂಡರು; ಉತ್ತರಾಧಿಕಾರಿಯ ನೇಮಕವಾಗಿರಲಿಲ್ಲ. ಹೊಣೆ ಜೋಡಿ ಮಠವಾದ ಸೋದೆಯ ವಿಶ್ವವಲ್ಲಭ ತೀರ್ಥರಿಗೆ ಬಂತು. ಸುಮಾರು ಮೂರು ವರ್ಷ ಮಠದ ಆಡಳಿತ ನೋಡಿಕೊಂಡು, 2021ರ ಮೇನಲ್ಲಿ ಶಿರಸಿಯ ಬಳಿಯ ಸೋಂದಾದಲ್ಲಿ ಹದಿನಾರರ ಹರೆಯದ ವಟುವಿಗೆ ವೇದವರ್ಧನ ತೀರ್ಥರೆಂದು ಸನ್ಯಾಸ ಕೊಟ್ಟರು. ಅಪ್ರಾಪ್ತರಿಗೆ ಸನ್ಯಾಸ ಕೊಡಬಹುದೇ ಎಂದು ಹೈಕೋರ್ಟಿನಲ್ಲಿ ಅರ್ಜಿ ಬಿತ್ತು. ಅದಕ್ಕೆ ಕಾನೂನಿನ ಅಡ್ಡಿ ಇಲ್ಲವೆಂದು ಆ ವರ್ಷದ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಅರ್ಜಿಯನ್ನು ವಜಾ ಮಾಡಿತು. 1919ರ ನಿದರ್ಶನ ಅದೇ ಪೀಠದಲ್ಲಿತ್ತು ಎಂಬುದು ಇಲ್ಲಿ ನೆನಪಿಡಬೇಕಾದ ಸಂಗತಿ. ಆದರೂ ಬಾಲ ಸನ್ಯಾಸದ ಬಗ್ಗೆ ಕೇಳಿಬಂದ ಪ್ರಶ್ನೆ ಕ್ಷುಲ್ಲಕವಲ್ಲ. ವಟುವಿನ ಒಪ್ಪಿಗೆ, ಹೆತ್ತವರ ಒಪ್ಪಿಗೆ, ವರ್ಷಗಳ ಪಾಠ ಇವೆಲ್ಲ ಕಟ್ಟುನಿಟ್ಟಾಗಿ ನಡೆದರೆ ಮಾತ್ರ ಈ ಪರಂಪರೆಗೆ ಬಲ.

ಪದ್ಧತಿ ಉತ್ತರ ಕೊಡದ ಸಂದರ್ಭಗಳೂ ಇವೆ. ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರು ಧರ್ಮಪ್ರಸಾರಕ್ಕೆಂದು ವಿದೇಶಕ್ಕೆ ಹೋಗಿ ಬಂದವರು. ಸಮುದ್ರ ದಾಟಿದ ಯತಿ ಕೃಷ್ಣನನ್ನು ಮುಟ್ಟಿ ಪೂಜಿಸಬಹುದೇ ಎಂದು 2008ರ ಪರ್ಯಾಯದ ಹೊತ್ತಿಗೆ ಬೇರೆ ಮಠಗಳಿಂದ ಬಲವಾದ ಆಕ್ಷೇಪ ಬಂತು. ಆದರೂ ಅವರು ಪೀಠವೇರಿದರು. 2024ರಲ್ಲಿ ಮತ್ತೆ ಅವರ ಸರದಿ ಬಂದಾಗ ಆ ಪ್ರಶ್ನೆ ಪೂರ್ತಿ ಅಳಿದಿರಲಿಲ್ಲ, ಪರ್ಯಾಯ ನಿಲ್ಲಲೂ ಇಲ್ಲ. ಎಂಟೂ ಮಠ ಸಮಾನವಾದ್ದರಿಂದ ಇಂಥ ವಿಷಯದಲ್ಲಿ ಅಂತಿಮ ಮಾತು ಹೇಳುವ ಮೇಲಧಿಕಾರಿ ಇಲ್ಲಿ ಯಾರೂ ಇಲ್ಲ. ಮಾತುಕತೆಯೇ ದಾರಿ, ಅದು ಕೂಡಿಬರದಿದ್ದರೆ ಭಿನ್ನಾಭಿಪ್ರಾಯ ಹಾಗೇ ಉಳಿದು ಸರದಿ ಮಾತ್ರ ಮುಂದುವರಿಯುತ್ತದೆ.

ಮುಂದಿನದು 2028ರ ಜನವರಿಯಲ್ಲಿ ಸೋದೆ, 2030ರಲ್ಲಿ ಕಾಣಿಯೂರು, 2032ರಲ್ಲಿ ಪೇಜಾವರ. 2034ರಲ್ಲಿ ಪಲಿಮಾರಿನಿಂದ ಮೂವತ್ತಮೂರನೇ ಸುತ್ತು. ಮೆರವಣಿಗೆಯ ರಾತ್ರಿ ರಥಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಕೋಣೆಗಳೂ ಸಿಗುವುದು ಕಷ್ಟ. ಪರ್ಯಾಯದ ಒಳಗುಟ್ಟು ತಿಳಿಯಬೇಕೆನ್ನುವವರು ಡಿಸೆಂಬರಿನ ಭತ್ತ ಮುಹೂರ್ತಕ್ಕೆ ಬರುವುದು ಮೇಲು. ಜನ ಕಡಿಮೆ, ಬಡಗು ಮಾಳಿಗೆಯ ಪೂಜೆಯೂ ಕಟ್ಟಿಗೆ ರಥಕ್ಕೆ ಶಿಖರ ಇಡುವುದೂ ಒಂದೇ ಬೆಳಗ್ಗೆ ಹತ್ತಿರದಿಂದ ನೋಡಲು ಸಿಗುತ್ತವೆ.